ಗೊರೂರಿನಲ್ಲಿ ಒಂದು ಅಡಿ ಎಂದರೆ ಎಷ್ಟು ನೀರು?

ಮುಂಗಾರು ಹಿಡಿಯಿತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಕುಶಲ ವಿಚಾರಿಸುವ ರೀತಿಯೇ ಬದಲಾಗುತ್ತದೆ. ಟೀ ಅಂಗಡಿಯಲ್ಲಿ ಎದುರಾದವರು "ಊಟ ಆಯ್ತಾ" ಎನ್ನುವ ಮೊದಲು "ಡ್ಯಾಮು ಎಷ್ಟಾಯ್ತಂತೆ?" ಎನ್ನುತ್ತಾರೆ. ಉತ್ತರ ಅಡಿಯಲ್ಲೇ ಬರಬೇಕು. "ಇನ್ನು ಹತ್ತು ಅಡಿ ಬಾಕಿ" ಎಂದರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಆ ಹತ್ತು ಅಡಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಯಾರಾದರೂ ಕೇಳಿದರೆ ಮಾತ್ರ ಮಾತು ಅಲ್ಲಿಗೇ ನಿಲ್ಲುತ್ತದೆ.

ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಪೂರ್ಣ ಸಂಗ್ರಹ 37.103 ಟಿಎಂಸಿ. ಈ ಎರಡು ಅಂಕಿಗಳು ಜಿಲ್ಲೆಯ ಶಾಲಾ ಮಕ್ಕಳಿಗೂ ಬಾಯಿಪಾಠ. 1979ರಲ್ಲಿ ಅಣೆಕಟ್ಟು ಮುಗಿದಾಗಿನಿಂದ ಪತ್ರಿಕೆಗಳ ಮೂಲೆಯ ಚೌಕದಲ್ಲಿ ಇವು ಬರುತ್ತಲೇ ಇವೆ. ಮೊದಲನೆಯದು ಎತ್ತರ, ಎರಡನೆಯದು ಗಾತ್ರ. ಎತ್ತರ ಗೊತ್ತಾದರೆ ಗಾತ್ರ ಗೊತ್ತಾಗಬೇಕು, ಅದೂ ಒಂದೇ ಉತ್ತರವಾಗಿ. ಹೀಗೆ ಒಂದನ್ನು ಕೊಟ್ಟರೆ ಇನ್ನೊಂದನ್ನು, ಅನುಮಾನಕ್ಕೆ ಎಡೆಯಿಲ್ಲದೆ ಒಂದನ್ನೇ ಕೊಡುವ ನಿಯಮಕ್ಕೆ ಗಣಿತದಲ್ಲಿ ಫಲನ ಎಂದು ಹೆಸರು. ಪಿಯುಸಿ ಹುಡುಗರು ಫಂಕ್ಷನ್ ಎಂದು ಹೇಳಿ ಬೆವರುವುದು ಇದಕ್ಕೇ. ಬೆವರುವಂಥದ್ದು ಅದರಲ್ಲಿ ಏನೂ ಇಲ್ಲ. ಪುಸ್ತಕದಲ್ಲಿ ಅದನ್ನು ಎರಡು ಗಣಗಳ ನಡುವಿನ ಬಾಣದ ಗುರುತುಗಳಿಂದ ಶುರುಮಾಡುತ್ತಾರೆ, ಅದೇ ಕಷ್ಟ.

ಮೊದಲು ಅಡಿಯ ಬಗ್ಗೆಯೇ ಒಂದು ಮಾತು. 2922 ಅಡಿ ಎಂದರೆ ನೀರಿನ ಆಳವಲ್ಲ, ಸಮುದ್ರಮಟ್ಟದಿಂದ ಎಣಿಸಿದ ಎತ್ತರ. ಕಬಿನಿಯ 2284 ಅಡಿ, ಹಾರಂಗಿಯ 2859 ಅಡಿಯೂ ಹಾಗೆಯೇ. ಕೆಆರ್‌ಎಸ್‌ನ, ಅಂದರೆ ಕನ್ನಂಬಾಡಿಯ, 124.80 ಅಡಿಯ ಎಣಿಕೆ ಮಾತ್ರ ಬೇರೆ ಕಡೆಯಿಂದ ಶುರುವಾಗುತ್ತದೆ. ಹಾಗಾಗಿ "ಗೊರೂರು ಎರಡು ಸಾವಿರ ಅಡಿ ದಾಟಿದ್ರೂ ತುಂಬಿಲ್ಲ, ಕನ್ನಂಬಾಡಿ ನೂರಕ್ಕೇ ತುಂಬೋಕೆ ಬಂತು" ಎಂಬ ವಾದಕ್ಕೆ ಅರ್ಥವಿಲ್ಲ. ಎಣಿಕೆ ಎಲ್ಲಿಂದ ಶುರು ಎಂದು ಗೊತ್ತಿಲ್ಲದ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಾರದು.

ಈಗ ಆ ಒಂದು ಅಡಿಗೆ ಬರೋಣ. ತುಂಬಿದಾಗ ಹೇಮಾವತಿ ಜಲಾಶಯ ಹರಡಿಕೊಳ್ಳುವ ಜಾಗ 8,502 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 21 ಸಾವಿರ ಎಕರೆ. ಒಂದು ಎಕರೆಗೆ 43,560 ಚದರ ಅಡಿ. ಗುಣಿಸಿದರೆ ಸುಮಾರು 91.5 ಕೋಟಿ ಚದರ ಅಡಿ. ಅಷ್ಟಗಲದ ನೀರು ಒಂದು ಅಡಿ ಏರಿದರೆ 91.5 ಕೋಟಿ ಘನ ಅಡಿ ಸೇರಿದಂತಾಯಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾದರೆ 2921ರಿಂದ 2922ಕ್ಕೆ ಏರುವ ಆ ಕೊನೆಯ ಅಡಿಯೊಂದರಲ್ಲೇ ಸುಮಾರು 0.9 ಟಿಎಂಸಿ ನೀರಿದೆ. ಕ್ಯಾಲ್ಕುಲೇಟರ್ ಇಲ್ಲದೆಯೂ ಮಾಡಬಹುದಾದ ಲೆಕ್ಕ ಇದು.

ಕೆಳಗಿನ ಅಡಿಗೆ ಈ ಲೆಕ್ಕ ಸಲ್ಲುವುದಿಲ್ಲ. ಅಣೆಕಟ್ಟು ನದಿಯ ತಳದಿಂದ ನೂರು ಅಡಿಗೂ ಹೆಚ್ಚು ಎತ್ತರವಿದೆ. ಆದರೆ 37.103 ಟಿಎಂಸಿಯನ್ನು 91.5 ಕೋಟಿ ಚದರ ಅಡಿಯಿಂದ ಭಾಗಿಸಿದರೆ ಬರುವ ಸರಾಸರಿ ಆಳ ಸುಮಾರು 40 ಅಡಿ ಮಾತ್ರ. ಉಳಿದ ಆಳ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಜಲಾಶಯದ ಆಕಾರ ಡ್ರಮ್ಮಿನ ಹಾಗಿಲ್ಲ, ಬಾಯಿ ಅಗಲವಾಗಿ ತಳ ಕಿರಿದಾದ ಬೋಗುಣಿಯ ಹಾಗಿದೆ. ಹೊಳೆಯ ಪಾತ್ರದ ಹತ್ತಿರ ನೀರಿಗೆ ಹರಡಲು ಜಾಗ ಕಡಿಮೆ, ಮೇಲೇರಿದಂತೆ ಗದ್ದೆ, ದಿಣ್ಣೆ, ಹಳೆಯ ಊರುಗಳೆಲ್ಲ ಅದರ ಜಾಗವೇ. ಆದ್ದರಿಂದ ಜೂನ್ ಕೊನೆಯಲ್ಲಿ ದಿನಕ್ಕೆ ಎರಡು ಮೂರು ಅಡಿ ಸರಸರನೆ ಏರುವ ಮಟ್ಟ, ಅದೇ ಒಳಹರಿವು ಇದ್ದರೂ ತುಂಬುವ ಹೊತ್ತಿಗೆ ಆಮೆಗತಿಗೆ ಇಳಿಯುತ್ತದೆ. "ಮಳೆ ಕಮ್ಮಿಯಾಯ್ತೇನೋ" ಎಂದು ಜನ ಆಕಾಶ ನೋಡುತ್ತಾರೆ. ಮಳೆ ಇದ್ದಂತೆಯೇ ಇರುತ್ತದೆ, ಅಗಲವಾಗಿರುವುದು ಜಲಾಶಯ.

ಮೇಲಿನ ಹತ್ತು ಅಡಿಯಲ್ಲಿ 8ರಿಂದ 9 ಟಿಎಂಸಿ, ಅಂದರೆ ಒಟ್ಟು ನೀರಿನ ಕಾಲು ಭಾಗದ ಹತ್ತಿರ. "ಹತ್ತೇ ಅಡಿ ಬಾಕಿ" ಎಂಬ ಸಮಾಧಾನದ ಬೆಲೆ ಇಷ್ಟು. ಕೇವಲ ಆಕಾರದ ಲೆಕ್ಕ ನೋಡುವುದಾದರೆ, ತಲೆಕೆಳಗಾದ ಶಂಕುವಿನಂಥ ಒಂದು ಹೊಂಡವನ್ನು ಅರ್ಧ ಎತ್ತರಕ್ಕೆ ತುಂಬಿಸಿದರೆ ಅದರಲ್ಲಿರುವುದು ಪೂರ್ತಿ ನೀರಿನ ಎಂಟನೇ ಒಂದು ಭಾಗ. ನಿಜವಾದ ಕಣಿವೆ ಅಷ್ಟು ಚೊಕ್ಕ ಶಂಕುವಾಗಿರುವುದಿಲ್ಲ, ಆದರೆ ಡ್ರಮ್ಮಿಗಿಂತ ಶಂಕುವಿಗೇ ಹತ್ತಿರ.

ನಮ್ಮನ್ನು ದಾರಿ ತಪ್ಪಿಸುವುದು ಹಳೆಯ ಅಭ್ಯಾಸ. ಒಂದಕ್ಕೆ ಇಷ್ಟಾದರೆ ಹತ್ತಕ್ಕೆ ಎಷ್ಟು ಎಂಬ ತ್ರೈರಾಶಿಯನ್ನು ನಮ್ಮ ಅಜ್ಜಂದಿರು ಕೂಲಿಮಠದಲ್ಲಿ ಕಲಿತರು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ ಕಾಲಕ್ಕೂ ಅಂಗಡಿ ಮುಂಗಟ್ಟಿನ ಲೆಕ್ಕಕ್ಕೆ ತ್ರೈರಾಶಿಯೇ ಬೆನ್ನೆಲುಬು. ತೆಂಗಿನಕಾಯಿಗೆ, ಬಟ್ಟೆಗೆ, ಬಡ್ಡಿಗೆ ಅದು ಸರಿಯಾಗಿ ಕೂಡುತ್ತದೆ. ಗ್ರಾಫ್ ಹಾಳೆಯಲ್ಲಿ ಎಳೆದರೆ ನೇರ ಗೆರೆ ಬರುವ ಫಲನ ಅದು. ಆದರೆ ಎಲ್ಲ ಫಲನಗಳೂ ನೇರ ಗೆರೆಯಲ್ಲ. ನೇರವಲ್ಲದ ಕಡೆ ತ್ರೈರಾಶಿ ಹಾಕಿದರೆ ಲೆಕ್ಕ ಚೊಕ್ಕವಾಗಿಯೇ ಬರುತ್ತದೆ, ಉತ್ತರ ಮಾತ್ರ ಸುಳ್ಳಾಗಿರುತ್ತದೆ.

ಹಾಗಾದರೆ ಗೊರೂರಿನ ಮಟ್ಟಕ್ಕೂ ಸಂಗ್ರಹಕ್ಕೂ ಸೂತ್ರ ಯಾವುದು? ಪಠ್ಯಪುಸ್ತಕದಲ್ಲಿ ಬರೆಯಬಹುದಾದಂಥದ್ದು ಒಂದೂ ಇಲ್ಲ. ನೆಲದ ಏರಿಳಿತವನ್ನು ಅಳೆದು, ಯಾವ ಎತ್ತರಕ್ಕೆ ಎಷ್ಟು ನೀರು ಎಂದು ಸಿದ್ಧಪಡಿಸಿದ ಕೋಷ್ಟಕ ಇರುತ್ತದೆ. ಬೆಳಿಗ್ಗೆ ಮಾಪಕದಲ್ಲಿ ಮಟ್ಟ ಓದಿದ ಎಂಜಿನಿಯರರು ಅದರ ಎದುರಿನ ಅಂಕಿಯನ್ನು ಎತ್ತಿಕೊಳ್ಳುತ್ತಾರೆ. ಸೂತ್ರವಿಲ್ಲದಿದ್ದರೂ ಅದು ಫಲನವೇ? ಗಣಿತಜ್ಞರು ಈ ಪ್ರಶ್ನೆಗೆ ಬಹಳ ಕಾಲ ತಲೆ ಕೆಡಿಸಿಕೊಂಡರು. ಲೈಬ್ನಿಟ್ಸ್ 1673ರಲ್ಲಿ ಫಂಕ್ಷನ್ ಎಂಬ ಹೆಸರನ್ನು ಬಳಕೆಗೆ ತಂದ. ಆಯ್ಲರ್ 1734ರಲ್ಲಿ ಎಫ್ ಅಕ್ಷರದ ಪಕ್ಕ ಕಂಸದಲ್ಲಿ ಎಕ್ಸ್ ಬರೆಯುವ ಪದ್ಧತಿ ಹಾಕಿದ. ಆಗೆಲ್ಲ ಫಲನ ಎಂದರೆ ಸೂತ್ರ ಎಂದೇ ಭಾವನೆ. 1837ರಲ್ಲಿ ಜರ್ಮನಿಯ ಡಿರಿಶ್ಲೆ, ಸೂತ್ರ ಇರಲೇಬೇಕೆಂದಿಲ್ಲ, ಒಂದಕ್ಕೆ ಒಂದೇ ಉತ್ತರ ಗೊತ್ತಾದರೆ ಸಾಕು ಎಂದ. ಗೊರೂರಿನ ಕೋಷ್ಟಕಕ್ಕೆ ಮರ್ಯಾದೆ ಸಿಕ್ಕಿದ್ದು ಅಲ್ಲಿಂದ ಎನ್ನಬಹುದು.

ಆ ಕೋಷ್ಟಕವೂ ಶಾಶ್ವತವಲ್ಲ. ಹೊಳೆ ನೀರಿನ ಜತೆ ಹೂಳನ್ನೂ ತರುತ್ತದೆ. ಹೂಳು ತಳದಲ್ಲಿ ಕೂತಷ್ಟೂ ಅದೇ ಅಡಿಗೆ ಸಿಗುವ ನೀರು ಕಡಿಮೆಯಾಗುತ್ತದೆ. ಅದಕ್ಕೇ ಜಲಾಶಯಗಳನ್ನು ಆಗಾಗ ಮತ್ತೆ ಅಳೆದು ಕೋಷ್ಟಕ ತಿದ್ದಬೇಕು.

ಪತ್ರಿಕೆಯ ಚೌಕದಲ್ಲಿ ಇನ್ನೆರಡು ಅಂಕಿಗಳಿರುತ್ತವೆ, ಒಳಹರಿವು ಮತ್ತು ಹೊರಹರಿವು. ಇವು ಕ್ಯುಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ. ಒಂದು ದಿನಕ್ಕೆ 86,400 ಸೆಕೆಂಡು. ಒಳಹರಿವು 20,000, ಹೊರಹರಿವು 2,000 ಕ್ಯುಸೆಕ್ ಎಂದಿಟ್ಟುಕೊಳ್ಳಿ. ಉಳಿಯುವ 18,000ವನ್ನು 86,400ರಿಂದ ಗುಣಿಸಿದರೆ ದಿನಕ್ಕೆ ಸುಮಾರು ಒಂದೂವರೆ ಟಿಎಂಸಿ. ಜಲಾಶಯ ತುಂಬುವ ಹಂತದಲ್ಲಿದ್ದರೆ ನಾಳೆ ಬೆಳಿಗ್ಗೆಗೆ ಮಟ್ಟ ಒಂದೂಮುಕ್ಕಾಲು ಅಡಿಯ ಆಸುಪಾಸು ಏರಿರುತ್ತದೆ. ನಾಳೆಯ ಪತ್ರಿಕೆ ಬರುವ ಮೊದಲೇ ನಾಳೆಯ ಅಂಕಿ ನಿಮ್ಮ ಕೈಯಲ್ಲಿ! "ಒಳಹರಿವು ಅರ್ಧಕ್ಕಿಳಿದಿದೆ" ಎಂಬ ಸುದ್ದಿ ಓದಿ ನೀರು ಇಳಿಯಿತೆಂದು ಗಾಬರಿಯಾಗುವವರಿದ್ದಾರೆ. ಒಳಗೆ ಬರುವುದು ಹೊರಗೆ ಹೋಗುವುದಕ್ಕಿಂತ ಹೆಚ್ಚಿರುವ ತನಕ ಜಲಾಶಯ ಏರುತ್ತಲೇ ಇರುತ್ತದೆ, ನಿಧಾನವಾಗಿ ಅಷ್ಟೆ.

ಕಾಲುವೆಯಲ್ಲಂತೂ ತ್ರೈರಾಶಿ ರೈತರ ಹೊಟ್ಟೆಯ ಮೇಲೇ ಹೊಡೆಯುತ್ತದೆ. ಅಗಲವಾದ ಕಾಲುವೆಯಲ್ಲಿ ನೀರಿನ ಆಳ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಆಳ ಕಡಿಮೆಯಾದಾಗ ನೀರು ಬರೀ ತೆಳುವಾಗುವುದಿಲ್ಲ, ತಳಕ್ಕೆ ಉಜ್ಜಿಕೊಂಡು ವೇಗವನ್ನೂ ಕಳೆದುಕೊಳ್ಳುತ್ತದೆ. ಕಾಲುವೆಯ ಮೊದಲಲ್ಲಿ ನಿಂತವರಿಗೆ "ಅರ್ಧ ಕಾಲುವೆ ನೀರು ಹೋಗ್ತಾ ಇದೆಯಲ್ಲ" ಎನಿಸುತ್ತದೆ. ಕೊನೆ ಭಾಗದ ರೈತ "ನಮಗೆ ಬಂದೇ ಇಲ್ಲ" ಎನ್ನುತ್ತಾನೆ. ಇಬ್ಬರ ಕಣ್ಣೂ ಸುಳ್ಳು ಹೇಳುತ್ತಿಲ್ಲ. ನೀರಾವರಿ ಸಭೆಗಳಲ್ಲಿ ಇಷ್ಟು ಗಣಿತವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಅರ್ಧ ಜಗಳ ಕಡಿಮೆಯಾದೀತು ಎಂದು ನನಗೆ ಅನಿಸುತ್ತದೆ. ಉಳಿದರ್ಧ ರಾಜಕೀಯ, ಅದಕ್ಕೆ ಗಣಿತದಲ್ಲಿ ಮದ್ದಿಲ್ಲ.

ಫಲನವನ್ನು ಹಿಂದುಮುಂದಾಗಿ ಕೇಳಬಹುದೇ? ಕೆಲವೊಮ್ಮೆ. ಮಟ್ಟ ಕೊಟ್ಟರೆ ಸಂಗ್ರಹ ಸಿಗುತ್ತದೆ, ಸಂಗ್ರಹ ಕೊಟ್ಟರೆ ಮಟ್ಟವೂ ಸಿಗುತ್ತದೆ, ಏಕೆಂದರೆ ಒಂದು ಏರಿದರೆ ಇನ್ನೊಂದು ಏರಲೇಬೇಕು. ದಿನಾಂಕಕ್ಕೂ ಮಟ್ಟಕ್ಕೂ ಹಾಗಲ್ಲ. ದಿನಾಂಕ ಹೇಳಿದರೆ ಅಂದಿನ ಮಟ್ಟ ಒಂದೇ. ಆದರೆ 2900 ಅಡಿ ಎಂದು ಹೇಳಿ ದಿನಾಂಕ ಕೇಳಿದರೆ ಎರಡು ಉತ್ತರ ಬರುತ್ತದೆ: ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಚರ್ಚನ್ನೇ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಅರೆಮುಳುಗಿ ಬೇಸಿಗೆಯಲ್ಲಿ ಮತ್ತೆ ಬಯಲಾಗುತ್ತದೆ. ಬೆಂಗಳೂರಿನಿಂದ ಹೊರಡುವವರು "ಯಾವ ತಿಂಗಳು ಹೋದರೆ ಮುಳುಗಿರುತ್ತದೆ" ಎಂದು ವಿಚಾರಿಸುತ್ತಾರೆ. ಕೇಳಬೇಕಾದ್ದು ತಿಂಗಳನ್ನಲ್ಲ, ಮಟ್ಟವನ್ನು. ಮಳೆ ಕೈಕೊಟ್ಟ ವರ್ಷ ಆಗಸ್ಟ್‌ನಲ್ಲೂ ಅದರ ಅಂಗಳದಲ್ಲಿ ಓಡಾಡಬಹುದು.

ಇಲ್ಲಿಂದ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬರುತ್ತೇನೆ. ಹೇಮಾವತಿಯ ಜಲಾನಯನ ಪ್ರದೇಶ 2,810 ಚದರ ಕಿಲೋಮೀಟರ್, ಮೂಡಿಗೆರೆಯ ಬೆಟ್ಟಗಳಿಂದ ಸಕಲೇಶಪುರದ ಕಾಫಿ ತೋಟಗಳ ಮೂಲಕ ಗೊರೂರಿನವರೆಗೆ. ಅಷ್ಟೂ ನೆಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದು ಒಂದು ಹನಿಯೂ ಇಂಗದೆ ಹರಿದುಬಂದರೆ ಸುಮಾರು ಒಂದು ಟಿಎಂಸಿ ಆಗುತ್ತದೆ. ಹಾಗಾದರೆ ಮಳೆ ಗೊತ್ತಾದರೆ ಒಳಹರಿವು ಗೊತ್ತಾಗಬೇಕಲ್ಲ? ಆಗುವುದಿಲ್ಲ. ಜೂನ್ ಮೊದಲ ವಾರ ಸುರಿದ ಅದೇ ಮಳೆಗೆ ಡ್ಯಾಮು ಕದಲುವುದಿಲ್ಲ, ಜುಲೈ ನಡುವೆ ಸುರಿದರೆ ಹೊಳೆ ಉಕ್ಕಿ ಬರುತ್ತದೆ. ಒಂದೇ ಪ್ರಶ್ನೆಗೆ ಎರಡು ಉತ್ತರ. ಗಣಿತ ಇಂಥಲ್ಲಿ ಕೈಚೆಲ್ಲುವುದಿಲ್ಲ, ಪ್ರಶ್ನೆ ಅರ್ಧಂಬರ್ಧ ಇದೆ ಎನ್ನುತ್ತದೆ. ಮಳೆಯ ಜತೆ ನೆಲ ಆಗಲೇ ಎಷ್ಟು ನೆನೆದಿದೆ ಎಂಬುದನ್ನೂ ಸೇರಿಸಿ ಕೇಳಬೇಕು. ಎರಡು ಸಂಗತಿ ಸೇರಿ ಒಂದು ಉತ್ತರ ಕೊಡುವ ಫಲನ ಅದು. ಬಾಯಾರಿದ ನೆಲ ಮೊದಲು ತಾನು ಕುಡಿಯುತ್ತದೆ ಎಂದು ಹಳ್ಳಿಯವರು ಹೇಳುವುದೂ ಇದನ್ನೇ.

ನಿಮ್ಮ ಮನೆಯ ಕರೆಂಟು ಬಿಲ್ಲನ್ನೂ ಈ ಕಣ್ಣಿಂದ ನೋಡಿ. ಅಕ್ಕಪಕ್ಕದ ಎರಡು ಮನೆ, ಎರಡರಲ್ಲೂ ಈ ತಿಂಗಳು ಸರಿಯಾಗಿ 150 ಯೂನಿಟ್. ಒಂದಕ್ಕೆ ಸೊನ್ನೆ ಬಿಲ್, ಇನ್ನೊಂದಕ್ಕೆ ದುಡ್ಡು. ಮೀಟರ್ ಓದುವವರು ಮೋಸ ಮಾಡಿದರೇ? ಇಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯ ಮೂಲ ನಿಯಮದಲ್ಲಿ ಬಿಲ್ಲು ಈ ತಿಂಗಳ ಯೂನಿಟ್ ಒಂದರ ಫಲನವಲ್ಲ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದರೆ ಆ ಮನೆಯ ಉಚಿತ ಮಿತಿ. ಸರಾಸರಿ 140 ಇದ್ದ ಮನೆಗೆ ಮಿತಿ 154, ಬಿಲ್ ಸೊನ್ನೆ. ಸರಾಸರಿ 100 ಇದ್ದ ಮನೆಗೆ ಮಿತಿ 110, ಮೇಲಿನ 40 ಯೂನಿಟ್‌ಗೆ ಹಣ ಕಟ್ಟಬೇಕು. ಕಡಿಮೆ ಬಳಸುತ್ತಿದ್ದವರಿಗೇ ಕಡಿಮೆ ಮಿತಿ ಎಂಬ ದೂರು ಬಂದದ್ದು ಇದರಿಂದಲೇ, ಸಣ್ಣ ಬಳಕೆದಾರರಿಗೆ ನಿಯಮವನ್ನು ಮುಂದೆ ತುಸು ಸಡಿಲಿಸಿದ್ದೂ ಇದರಿಂದಲೇ.

ಈ ಫಲನದಲ್ಲಿ ಒಂದು ಕಮರಿಯೂ ಇದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಲೆಕ್ಕಕ್ಕೆಂದು ಯೂನಿಟ್‌ಗೆ ಆರು ರೂಪಾಯಿ ಹಿಡಿಯಿರಿ, ಉಳಿದ ಶುಲ್ಕ ಬಿಡಿ. ಮಿತಿ 110 ಇರುವ ಮನೆ 200 ಯೂನಿಟ್ ಉರಿಸಿದರೆ 90 ಯೂನಿಟ್‌ಗೆ 540 ರೂಪಾಯಿ. 201 ಉರಿಸಿದರೆ 1,206 ರೂಪಾಯಿ. ಆ ಒಂದೇ ಯೂನಿಟ್‌ನ ಬೆಲೆ 666 ರೂಪಾಯಿ! ಗ್ರಾಫ್‌ನಲ್ಲಿ ಗೆರೆ ಅಲ್ಲಿ ತುಂಡಾಗಿ ಮೇಲಕ್ಕೆ ಹಾರುತ್ತದೆ. ತಿಂಗಳ ಕೊನೆಗೆ ಮೀಟರ್ 190ರ ಹತ್ತಿರ ಬಂದಿದ್ದರೆ ಗೀಸರ್ ಬಿಟ್ಟು ಸೌದೆ ಒಲೆ ಹಚ್ಚುವ ಗೃಹಿಣಿಗೆ ಈ ಹಾರುವಿಕೆಯ ಗಣಿತ ಯಾವ ಮೇಷ್ಟರಿಗಿಂತಲೂ ಚೆನ್ನಾಗಿ ಗೊತ್ತು. ಬಸ್ಸಿನದು ಇನ್ನೂ ಸರಳ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಮಹಿಳೆಯರಿಗೆ ಗೊರೂರಿನಿಂದ ಹಾಸನಕ್ಕಾದರೂ ಬೀದರಿಗಾದರೂ ಟಿಕೆಟ್ಟಿನ ಮೇಲೆ ಸೊನ್ನೆಯೇ. ದೂರ ಎಷ್ಟೇ ಬದಲಾದರೂ ಉತ್ತರ ಬದಲಾಗದ ಇಂಥದ್ದಕ್ಕೆ ಸ್ಥಿರ ಫಲನ ಎನ್ನುತ್ತಾರೆ. ಪಕ್ಕದಲ್ಲಿ ಕೂತ ಗಂಡನಿಗೆ ಮಾತ್ರ ಸ್ಟೇಜ್ ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ.

ಎರಡು ಸಂಗತಿಯ ಫಲನಕ್ಕೆ ನಮ್ಮ ಕಡೆಯ ಅಪ್ಪಟ ಉದಾಹರಣೆ ಬೇಕಿದ್ದರೆ ಬೆಳಗಿನ ಹೊತ್ತು ಡೇರಿಯ ಮುಂದೆ ನಿಲ್ಲಿ. ಹಾಸನ ಹಾಲು ಒಕ್ಕೂಟಕ್ಕೆ ಸೇರಿದ ಯಾವ ಊರಿನ ಸಂಘವಾದರೂ ಸರಿ. ಇಬ್ಬರು ಹತ್ತು ಹತ್ತು ಲೀಟರ್ ಹಾಲು ಹಾಕುತ್ತಾರೆ, ಬಟವಾಡೆಯಲ್ಲಿ ಬೇರೆ ಬೇರೆ ದುಡ್ಡು ಬರುತ್ತದೆ. ಲೀಟರ್ ಒಂದನ್ನೇ ನೋಡಿದರೆ ಇದು ಅನ್ಯಾಯ. ದರ ನಿಂತಿರುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎಂಬ ಎರಡು ಅಂಕಿಗಳ ಮೇಲೆ, ಅಂದರೆ ಕೊಬ್ಬು ಮತ್ತು ಕೊಬ್ಬು ಬಿಟ್ಟು ಉಳಿದ ಘನಾಂಶ. ಹಳೇ ಕಾಲದಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು "ಡಿಗ್ರಿ" ನೋಡಿ ಮುಗಿಸುತ್ತಿದ್ದರು. ಅದನ್ನು ಮೋಸಗೊಳಿಸುವುದು ಸುಲಭವಿತ್ತು. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ, ಏಕೆಂದರೆ ಕೊಬ್ಬು ನೀರಿಗಿಂತ ಹಗುರ. ಎರಡನ್ನೂ ಅಳತೆಯಾಗಿ ಮಾಡಿದವನ ಹಾಲು ಅಪ್ಪಟ ಹಾಲಿನ ಡಿಗ್ರಿಯನ್ನೇ ತೋರಿಸುತ್ತಿತ್ತು. ಬೇರೆ ಬೇರೆ ಹಾಲಿಗೆ ಒಂದೇ ಡಿಗ್ರಿ ಬರುವುದರಿಂದ, ಡಿಗ್ರಿಯಿಂದ ಹಿಂದಕ್ಕೆ ಹೋಗಿ ಹಾಲು ಎಂಥದ್ದೆಂದು ಹೇಳಲಾಗುವುದಿಲ್ಲ. 1890ರಲ್ಲಿ ಅಮೆರಿಕದ ಸ್ಟೀಫನ್ ಬಾಬ್‌ಕಾಕ್ ಕೊಬ್ಬನ್ನು ಬೇರೆಯಾಗಿ ಅಳೆಯುವ ಸುಲಭ ಪರೀಕ್ಷೆ ಕಂಡುಹಿಡಿದ ಮೇಲೆ ಈ ಆಟ ನಿಂತಿತು. ಡಿಗ್ರಿಯೂ ಫ್ಯಾಟೂ ಎರಡೂ ಗೊತ್ತಾದರೆ ಎಸ್‌ಎನ್‌ಎಫ್ ಲೆಕ್ಕ ಹಾಕಬಹುದು: ಸುಮಾರಾಗಿ ಡಿಗ್ರಿಯ ಕಾಲು ಭಾಗ, ಅದಕ್ಕೆ ಫ್ಯಾಟಿನ ಐದನೇ ಒಂದು ಭಾಗ, ಅದರ ಮೇಲೊಂದು ಸಣ್ಣ ಸ್ಥಿರ ಸಂಖ್ಯೆ. ಈಗ ಯಂತ್ರವೇ ಕ್ಷಣದಲ್ಲಿ ಎರಡನ್ನೂ ತೋರಿಸುತ್ತದೆ.

ಯಂತ್ರ ತೋರಿಸಿದ ಮೇಲೆ ದರ ಕೊಡುವುದು ಮತ್ತೆ ಒಂದು ಕೋಷ್ಟಕ. ಅಡ್ಡಕ್ಕೆ ಎಸ್‌ಎನ್‌ಎಫ್, ಉದ್ದಕ್ಕೆ ಫ್ಯಾಟ್, ಎರಡೂ ಕೂಡುವ ಮನೆಯಲ್ಲಿ ಲೀಟರಿನ ಬೆಲೆ. ಡೇರಿಗೆ ಹಾಲು ಹಾಕುವವರಲ್ಲಿ ನನ್ನದೊಂದು ವಿನಂತಿ. ಚೀಟಿಯಲ್ಲಿ ಲೀಟರ್ ಮತ್ತು ಒಟ್ಟು ಹಣ ಮಾತ್ರ ನೋಡಿ ಜೇಬಿಗೆ ಹಾಕಿಕೊಳ್ಳಬೇಡಿ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಓದಿ, ದರದ ಚಾರ್ಟು ಕೇಳಿ ಪಡೆದು ತಾಳೆ ಹಾಕಿ. ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಆ ಕೆಲಸವನ್ನು ಅವರಿಗೇ ವಹಿಸಿ.